ಹೊಟ್ಟೆ ಎಳೆದುಕೊಂಡು ಕೊಟ್ಟ ಅಳತೆ

ಮಗಳು ತನ್ನ ಕಸುಬನ್ನೇ ಹಿಡಿಯುತ್ತಾಳೆ ಎಂದು ಡೆಮೊಗೆ ಖಾತ್ರಿಯಾದದ್ದು ಅವಳಿಗೆ ಎರಡು ವರ್ಷ ತುಂಬಿದ ಹೊಸತರಲ್ಲಿ. ಬಚ್ಚಲುಮನೆಯ ಬಾಗಿಲ ಪಕ್ಕದ ವಾಷಿಂಗ್ ಮಷಿನ್ನಿನ ಮುಂದೆ ಅವಳು ಚಕ್ಕಳಮಕ್ಕಳ ಹಾಕಿ ಕೂತಳೆಂದರೆ ಬಟ್ಟೆ ನೆನೆಯುವುದರಿಂದ ಹಿಡಿದು ಹಿಂಡಿ ಮುಗಿಯುವವರೆಗೆ ಏಳುತ್ತಿರಲಿಲ್ಲ. ದುಂಡು ಗಾಜಿನ ಹಿಂದೆ ಅಪ್ಪನ ಅಂಗಿ ಸುತ್ತುತ್ತಿದ್ದರೆ ಅವಳ ಕಣ್ಣೂ ಅದರೊಂದಿಗೆ ಸುತ್ತುತ್ತಿತ್ತು. ಡ್ರಮ್ಮಿನ ವೇಗ ಏರಿದಾಗ ತುದಿಗಾಲಲ್ಲಿ ನಿಂತು, ಎರಡೂ ಕೈ ರೆಕ್ಕೆಯಂತೆ ಬಡಿದು ಕುಣಿಯುತ್ತಿದ್ದಳು. ಅಂಗಡಿಯಲ್ಲಿ ನಿಂತು ಇದೇ ಮಷಿನ್ನುಗಳನ್ನು ಮಾರುವ ಅಪ್ಪನಿಗೆ ಇದಕ್ಕಿಂತ ಬೇರೆ ಹೆಮ್ಮೆ ಬೇಕೆ? ಫೋನಿನಲ್ಲಿ ವಿಡಿಯೊ ಮಾಡಿದ. ಗಿರಾಕಿಗಳ ಮುಂದೆ ಬಿಡುವ ದನಿಯಲ್ಲೇ ಹಿಂದಿನಿಂದ ವಿವರಣೆಯನ್ನೂ ಕೊಟ್ಟ: “ನೋಡಿ ಸರ್, ನಮ್ಮ ಇನ್‌ಸ್ಪೆಕ್ಟರ್ ಮೇಡಂ ಡ್ಯೂಟೀಲಿದ್ದಾರೆ. ಇವರು ಪಾಸ್ ಮಾಡದೆ ಒಂದು ಪೀಸೂ ಆಚೆ ಹೋಗಲ್ಲ.” ಅಂಗಡಿಯವರ ವಾಟ್ಸಾಪ್ ಗುಂಪಿಗೆ ಕಳಿಸಿದ. ಹೆಬ್ಬೆರಳುಗಳು ಸಾಲುಗಟ್ಟಿ ಬಂದವು. “ಇವಳು ದೊಡ್ಡವಳಾಗ್ಲಿ, ನಿನ್ನ ಕೆಲಸಕ್ಕೆ ಸಂಚಕಾರ” ಎಂದು ಮ್ಯಾನೇಜರು ಬರೆದರು. ಡೆಮೊ ಅದನ್ನು ಹೆಂಡತಿಗೆ ಓದಿ ಹೇಳಿ, ಮತ್ತೊಮ್ಮೆ ತನಗೂ ಓದಿಕೊಂಡ.

ಡೆಮೊ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಂಗಡಿ ಕೊಟ್ಟದ್ದು. ಮೊದಲು ಅವನು ಅಲ್ಲಿ ಫ್ರಿಜ್ಜುಗಳನ್ನು ಬೆನ್ನ ಮೇಲೆ ಹೊತ್ತು ಮೂರನೆಯ ಮಹಡಿಗೆ ಏರಿಸುವವನಾಗಿದ್ದ. ಒಂದು ದಿನ ಮಾರುವವನು ರಜೆ ಹಾಕಿದಾಗ, ಬಂದ ಮುದುಕ ಮುದುಕಿಗೆ ಇವನೇ ಮಷಿನ್ನು ತಿರುಗಿಸಿ ತೋರಿಸಿದ. ಅವರು ಒಂದು ಕೊಳ್ಳಲು ಬಂದವರು ಎರಡು ಕೊಂಡು ಹೋದರು. ಮರುದಿನದಿಂದ ಬೆನ್ನಿಗೆ ಬಿಡುವು, ಕೊರಳಿಗೆ ಟೈ. ಡೆಮೊ ಕೊಡುವುದರಲ್ಲಿ ಅವನಿಗೆ ಸಮನಿಲ್ಲ. ಗಿರಾಕಿ ಬರುವ ಮೊದಲು ಮಷಿನ್ನಿನ ಕುಂಟುಗಾಲಿಗೆ ಮಡಿಸಿದ ರಟ್ಟು ಕೊಡುತ್ತಾನೆ, ಒಳಗೆ ಎರಡೇ ಎರಡು ಟವೆಲ್ ಹಾಕುತ್ತಾನೆ. ಹೊರೆ ತುಂಬಿದರೆ ಯಾವ ಮಷಿನ್ನೂ ಗಡಗಡ ಎನ್ನುತ್ತದೆ, ಎರಡು ಟವೆಲ್ಲಿಗೆ ಯಾವುದೂ ಅಲ್ಲಾಡುವುದಿಲ್ಲ. ಇದು ಸುಳ್ಳಲ್ಲ, ಚೆಂದ ಮಾಡಿ ತೋರಿಸುವುದು ಅಷ್ಟೆ ಎಂದು ಅವನ ವಾದ. ಈ ವಿದ್ಯೆ ಮನೆಯಿಂದಲೇ ಬಂದದ್ದು. ಅವನ ಬಾಲ್ಯದಲ್ಲಿ ಮನೆಗೆ ಯಾರಾದರೂ ಬಂದರೆ ಅಮ್ಮ ಓಡಿಹೋಗಿ ಕಾಲು ಮುರಿದ ಕುರ್ಚಿಯ ಮೇಲೆ ತಾನೇ ಕೂತುಬಿಡುತ್ತಿದ್ದಳು. ಬಂದವರು ಎದ್ದು ಹೋಗುವ ತನಕ ಒಂದು ಲೋಟ ನೀರಿಗೂ ಏಳುತ್ತಿರಲಿಲ್ಲ. ಎಷ್ಟು ಜಂಬದ ಹೆಂಗಸು ಎಂದು ನೆಂಟರು ಆಡಿಕೊಂಡರೂ ಕುರ್ಚಿಯ ಗುಟ್ಟು ಮಾತ್ರ ಉಳಿಯಿತು.

ಮಗಳ ವಿಷಯದಲ್ಲಿ ಮೊದಲು ಅನುಮಾನ ಬಂದದ್ದು ಹೆಂಡತಿಗೆ. ಅವಳು ಮನೆಯಲ್ಲೇ ಕೂತು ಬಟ್ಟೆ ಸರಿಮಾಡಿಕೊಡುವ ಟೈಲರ್. ಅಂಗಡಿಯಲ್ಲಿ ಕೊಂಡ ಪ್ಯಾಂಟು ಸೊಂಟಕ್ಕೆ ಕೂರದಿದ್ದರೆ ಬೀದಿಯವರೆಲ್ಲ ಅವಳ ಹತ್ತಿರ ಬರುತ್ತಾರೆ. “ರೀ, ಬಟಾಣಿ ಕರೆದ್ರೆ ತಿರುಗಲ್ಲ” ಎಂದಳು. ಹುಟ್ಟಿದಾಗ ಹಸಿರು ಬಟ್ಟೆಯಲ್ಲಿ ಗುಂಡಗೆ ಸುತ್ತಿ ಕೊಟ್ಟಿದ್ದರಿಂದ ಮಗುವಿಗೆ ಆ ಹೆಸರು.

“ಡ್ಯೂಟೀಲಿರೋವಾಗ ಯಾರು ತಿರುಗ್ತಾರೆ?” ಎಂದ ಡೆಮೊ.

ಅವನ ಅಮ್ಮ ಮಗನ ಪಕ್ಷ ವಹಿಸಿದಳು. “ನೀನೂ ನಾಲ್ಕು ವರ್ಷದ ತನಕ ತುಟಿ ಬಿಚ್ಚಿರ್ಲಿಲ್ಲ. ಈಗ ಮುಚ್ಚಿಸೋಕಾಗತ್ತಾ?”

ಹೆಂಡತಿ ಕೇಳಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದರು, ಕಿವಿ ಚೊಕ್ಕವಾಗಿತ್ತು. ಅದು ಅವರಿಗೂ ಗೊತ್ತಿದ್ದ ಸಂಗತಿಯೇ. ಒಳಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಸರಸರ ಎಂದರೆ ಓಡಿಬರುವ ಮಗು, ಮಗ್ಗುಲಲ್ಲೇ ಕೂತು ಹೆಸರು ಕೂಗಿದರೆ ಮಿಸುಕುತ್ತಿರಲಿಲ್ಲ. ಮಕ್ಕಳ ಡಾಕ್ಟರು ಮಗುವಿನೊಂದಿಗೆ ನೆಲದ ಮೇಲೆ ಬಹಳ ಹೊತ್ತು ಕಳೆದು, ಎದ್ದು ಕುರ್ಚಿಗೆ ಬಂದು ಹೇಳಿದರು: “ಆಟಿಸಂ ಇದೆ. ಔಷಧಿ ಕೊಟ್ಟು ವಾಸಿ ಮಾಡೋ ಕಾಯಿಲೆ ಅಲ್ಲ ಇದು. ಅವಳು ಲೋಕ ನೋಡೋ ರೀತಿ ಬೇರೆ. ನಿಮ್ಮ ಜೊತೆ ಮಾತುಕತೆಗೆ ಅವಳಿಗೊಂದು ದಾರಿ ಬೇಕು, ಅವಳ ಜೊತೆ ಮಾತುಕತೆಗೆ ನಿಮಗೂ ಬೇಕು. ಈ ವಯಸ್ಸಲ್ಲೇ ಶುರು ಮಾಡಿದ್ರೆ ಒಳ್ಳೇದು. ಎರಡು ಮೂರು ಜಾಗ ನೋಡಿ, ಆರಿಸಿಕೊಳ್ಳಿ. ತಡ ಮಾಡ್ಬೇಡಿ.”

ಅಂಗಡಿಯಲ್ಲಿ ಡೆಮೊ ಇದನ್ನು ಹೇಳಲಿಲ್ಲ. ರಜೆ ಕೇಳುವಾಗ ಮಗಳಿಗೆ ಟಾನ್ಸಿಲ್ ಎಂದ. ಆಸ್ಪತ್ರೆಯ ಓಡಾಟ ಮುಗಿಯದಿದ್ದಾಗ ಫ್ಯಾನು ಮಾರುವ ಗೆಳೆಯ, ಬಾಯಿ ತೆರೆದರೆ ವಾರಂಟಿಯ ಮಾತಾಡುವುದರಿಂದ ವಾರಂಟಿ ಎಂದೇ ಹೆಸರಾದವನು, “ಏನ್ ಗುರೂ, ನಿನ್ನ ಮಗಳ ಟಾನ್ಸಿಲ್‌ಗೆ ನಮ್ಮ ಫ್ಯಾನಿಗಿಂತ ಜಾಸ್ತಿ ವಾರಂಟಿ ಇದೆಯಲ್ಲ?” ಎಂದ. ಡೆಮೊ ನಕ್ಕ. ಮಗಳ ಆ ವಿಡಿಯೊ ಗುಂಪಿನಲ್ಲಿ ಮೇಲೆಲ್ಲೋ ಇನ್ನೂ ಇತ್ತು. ಅದರ ನೆನಪಾದಾಗಲೆಲ್ಲ ಅವನ ಕಿವಿಗಳು ಕಾಯ್ದ ಇಸ್ತ್ರಿಪೆಟ್ಟಿಗೆಯಾಗುತ್ತಿದ್ದವು.

ಅವರು ಮೊದಲು ನೋಡಿದ ಜಾಗ ದೊಡ್ಡ ರಸ್ತೆಯಲ್ಲಿತ್ತು. ಗಾಜಿನ ಬಾಗಿಲು ತಾನಾಗಿ ತೆರೆಯಿತು. ಮೆತ್ತನೆಯ ಸೋಫಾ, ಏಸಿ, ಗೋಡೆಯ ತುಂಬ ಜೋಡಿ ಫೋಟೊಗಳು: ಎಡಕ್ಕೆ ಅಳುವ ಮಗು, ಬಲಕ್ಕೆ ಅದೇ ಮಗು ಶಾಲೆಯ ಸಮವಸ್ತ್ರದಲ್ಲಿ. ಡೆಮೊ ಕಟ್ಟಿದ್ದಂಥದೇ ಟೈ ಕಟ್ಟಿದ್ದ ಯುವಕನೊಬ್ಬ ಬಂದು ಕೂತ.

“ಆರು ತಿಂಗಳು ಕೊಡಿ ಸರ್. ಆಮೇಲೆ ಸ್ಕೂಲಿಗೆ ಸೇರಿಸಿ. ಯಾರಿಗೂ ಗೊತ್ತಾಗಲ್ಲ.”

ಯಾರಿಗೂ ಗೊತ್ತಾಗಲ್ಲ. ಡೆಮೊಗೆ ಆ ಏಸಿಗಿಂತ ಈ ಮಾತು ತಂಪಾಗಿತ್ತು.

“ಈ ಬ್ಯಾಚಲ್ಲಿ ಉಳಿದಿರೋದು ಎರಡೇ ಸೀಟು ಸರ್.”

ಬೆಳಗಿನಿಂದ ಸಂಜೆಯವರೆಗೆ ‘ಎರಡೇ ಪೀಸ್ ಉಳಿದಿದೆ ಸರ್’ ಎನ್ನುವ ಬಾಯಿ ಡೆಮೊನದು. ಹಿಂದಿನ ಗೋದಾಮಿನಲ್ಲಿ ಇನ್ನೆಷ್ಟು ಇರುತ್ತವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ದಿನವೂ ಗಾಳ ಹಾಕುವವನು ತಾನೇ ಎರೆಹುಳುವಿಗೆ ಬಾಯಿ ತೆರೆದ. ಕೈ ಆಗಲೇ ಜೇಬಿನ ಪೆನ್ನಿಗೆ ಹೋಗಿತ್ತು.

ಹೆಂಡತಿ ಕೇಳಿದಳು: “ಒಳಗೆ ನಾವೂ ಕೂರಬಹುದಾ?”

“ಇಲ್ಲ ಮೇಡಂ, ಮಗು ಗಮನ ಹೋಗತ್ತೆ. ಇಲ್ಲೇ ಟೀವೀಲಿ ನೋಡಬಹುದು.”

“ಮನೇಲಿ ನಾನೇನ್ ಮಾಡ್ಬೇಕು?”

“ನೀವೇನೂ ಮಾಡೋದ್ ಬೇಡ ಮೇಡಂ. ಎಲ್ಲ ನಾವು ನೋಡ್ಕೋತೀವಿ.”

ಅವಳು ಮಗುವನ್ನೆತ್ತಿಕೊಂಡು ಎದ್ದಳು. ಹೊರಗೆ ಬಂದ ಮೇಲೆ ಡೆಮೊ ರೇಗಿದ. “ಏನೂ ಮಾಡೋದ್ ಬೇಡ ಅಂದ್ರೆ ನಿಂಗೇನು ಕಷ್ಟ?”

“ಒಂದ್ ಗಂಟೆ ಅವರ ಹತ್ರ ಇರ್ತಾಳೆ, ಮಿಕ್ಕಿದ್ದೆಲ್ಲ ನನ್ನ ಹತ್ರ. ಸ್ನಾನಕ್ಕೆ ಕಿರುಚಿದಾಗ ಆ ಟೈನೋನು ಬರ್ತಾನಾ?”

ಇನ್ನೊಂದು ಜಾಗ ಸರ್ಕಾರಿ ಮಕ್ಕಳ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿತ್ತು. ಹಿಂದೆ ಅದು ಔಷಧಿಯ ಉಗ್ರಾಣವಾಗಿತ್ತಂತೆ. ಬಣ್ಣ ಬಳಿದ ಬಾಗಿಲ ಮೇಲೆ ‘ಸದ್ದು ಮಾಡಬೇಡಿ’ ಎಂಬ ಹಳೆಯ ಅಕ್ಷರ ಇನ್ನೂ ಇಣುಕುತ್ತಿತ್ತು, ಒಳಗೆ ಕಿವಿ ಕಿತ್ತುಹೋಗುವ ಗದ್ದಲ. ಚಾಪೆಗಳ ಮೇಲೆ ಒಂದೊಂದು ಮಗುವಿನ ಜೊತೆ ಒಬ್ಬ ಅಮ್ಮ, ಅಜ್ಜಿ ಅಥವಾ ಅಪ್ಪ. ನಡುವೆ ಟೀಚರು, ಮೊಣಕಾಲ ಮೇಲೆ ನೋವಿನ ಪಟ್ಟಿ ಕಟ್ಟಿಕೊಂಡ ನಡುವಯಸ್ಸಿನ ಹೆಂಗಸು. ಡೆಮೊ ನೋಡಿದಾಗ ಆಕೆ ಡಬ್ಬಿಯ ಮುಚ್ಚಳವೊಂದನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತಿದ್ದಳು. ಎದುರಿನ ಮಗು ನಗುತ್ತಿತ್ತು. ಮುಚ್ಚಳ ಬಿತ್ತು. ಟೀಚರು ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕಾದಳು. ಕಾದಳು, ಇನ್ನೂ ಕಾದಳು. ಮಗು ಕೊನೆಗೆ ಆಕೆಯ ಮುಖದತ್ತ ಒಂದು ನೋಟ ಎಸೆದು ಕೈ ಮುಟ್ಟಿತು. ತಕ್ಷಣ ಮುಚ್ಚಳ ತಿರುಗಿತು. ಪಕ್ಕದಲ್ಲಿದ್ದ ಅಮ್ಮ ಕಣ್ಣೊರೆಸಿಕೊಂಡಳು.

“ಇಷ್ಟೇನಾ?” ಎಂದು ಡೆಮೊ ಪಿಸುಗುಟ್ಟಿದ.

“ಇದೇ ಜಾಗ” ಎಂದಳು ಹೆಂಡತಿ.

ಇಲ್ಲಿಯ ನಿಯಮ ಎರಡೇ. ಮನೆಯವರೊಬ್ಬರು ದಿನವೂ ಚಾಪೆಯ ಮೇಲೆ ಕೂತು ಕಲಿಯಬೇಕು. ಚಾಪೆಗಳು ಕಡಿಮೆ ಇರುವುದರಿಂದ, ಹೆಚ್ಚು ನೆರವು ಬೇಕಾದ ಮಕ್ಕಳಿಗೆ ಮೊದಲು ಜಾಗ. ಅದನ್ನು ನಿರ್ಧರಿಸಲು ಒಂದು ದಿನ ಮಗುವನ್ನು ಕರೆತಂದು ಪ್ರಶ್ನೆಗಳಿಗೆ ಉತ್ತರ ಹೇಳಬೇಕು.

ಹೆಚ್ಚು ನೆರವು ಬೇಕಾದವರಿಗೆ ಮೊದಲು ಎನ್ನುವುದು ಡೆಮೊನ ಕಿವಿಗೆ ಬಿದ್ದಿತ್ತು, ತಲೆಗೆ ಹತ್ತಿರಲಿಲ್ಲ. ಅವನ ಲೋಕದಲ್ಲಿ ಪರೀಕ್ಷೆ ಎಂದರೆ ಪಾಸಾಗುವುದಕ್ಕೆ ಇರುವುದು. ವಾರವೆಲ್ಲ ಬಟಾಣಿಯ ಮುಂದೆ ನಾಲ್ಕು ಚಿತ್ರಗಳ ಹಾಳೆ ಹಿಡಿದು, “ಚೆಂಡೆಲ್ಲಿ?” ಎಂದು ಕೇಳಿ, ಅವಳ ಬೆರಳನ್ನು ಮೇಲಿನ ಮೂಲೆಗೆ ಒತ್ತಿ, ಬಿಸ್ಕತ್ತು ಕೊಟ್ಟ. ಪರೀಕ್ಷೆಯ ದಿನ ಅವಳಿಗೆ ಮೈ ಚುಚ್ಚದ ಹಳೆಯ ಫ್ರಾಕು ಹಾಕಿಸಿ, ಹೊಟ್ಟೆ ತುಂಬಿಸಿ, ಉದ್ಯಾನದ ಜೋಕಾಲಿಯಲ್ಲಿ ಸುಸ್ತಾಗುವಷ್ಟು ತೂಗಿ ಕರೆದೊಯ್ದ. ರಟ್ಟು ಕೊಟ್ಟಾಗಿತ್ತು, ಎರಡು ಟವೆಲ್ ಹಾಕಿಯಾಗಿತ್ತು.

ಟೀಚರು ಕೇಳಿದಳು: “ಹೆಸರು ಕರೆದ್ರೆ ತಿರುಗ್ತಾಳಾ?”

“ತಿರುಗ್ತಾಳೆ ಮೇಡಂ.”

“ಏನಾದ್ರೂ ಬೇಕಿದ್ರೆ ಬೆರಳು ಮಾಡಿ ತೋರಿಸ್ತಾಳಾ?”

“ತೋರಿಸ್ತಾಳೆ. ಅಷ್ಟು ದೂರದಿಂದಾನೇ ತೋರಿಸ್ತಾಳೆ.”

ಬಟಾಣಿಗೆ ಏನಾದರೂ ಬೇಕಾದರೆ ಅಪ್ಪನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಅವನ ಕೈಯನ್ನು ಆ ವಸ್ತುವಿನ ಮೇಲೆ ಎಸೆಯುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಹೆಂಡತಿ ಬಾಯಿ ತೆರೆದಳು. ಡೆಮೊ ಮೊಣಕೈಯಿಂದ ತಿವಿದ.

“ಬೇರೆ ಮಕ್ಕಳ ಜೊತೆ ಸೇರ್ತಾಳಾ?”

“ಮಕ್ಕಳಂದ್ರೆ ಪ್ರಾಣ ಬಿಡ್ತಾಳೆ ಮೇಡಂ.”

ಮಾತು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬರುತ್ತಿತ್ತು. ಟೀಚರು ಚಿತ್ರದ ಹಾಳೆ ತೋರಿಸಿ ಚೆಂಡೆಲ್ಲಿ ಎಂದಾಗ, ದೇವರು ಯಾವ ಮೂಡಿನಲ್ಲಿದ್ದನೋ, ಅಲ್ಲಿಯೂ ಚೆಂಡು ಮೇಲಿನ ಮೂಲೆಯಲ್ಲೇ ಇತ್ತು. ಬಟಾಣಿ ಮುಟ್ಟಿದಳು. ಹೊರಗೆ ಇನ್ನೂ ಅನೇಕರು ಕಾಯುತ್ತಿದ್ದರು. ಟೀಚರು ಹೇಳಿದಳು: “ಒಳ್ಳೇದು. ಇವಳಿಗೆ ದಿನಾ ಬರೋ ಗುಂಪು ಈಗ್ಲೇ ಬೇಕಾಗಲ್ಲ. ತಿಂಗಳಿಗೊಮ್ಮೆ ಬಂದು ಕೇಳ್ಕೊಂಡು ಹೋಗಿ. ಆರು ತಿಂಗಳಾದ್ಮೇಲೆ ಮತ್ತೆ ನೋಡೋಣ.”

ಬಾಗಿಲು ದಾಟುತ್ತಲೇ ಡೆಮೊ, “ನೋಡಿದ್ಯಾ? ಬೇಕಾಗಲ್ಲ ಅಂದ್ರು” ಎಂದ. ಹೆಂಡತಿ ಮಗುವನ್ನೆತ್ತಿಕೊಂಡು ಬಸ್ಸಿನ ಕಡೆ ನಡೆದಳು.

ಬಸ್ಸಿನಲ್ಲಿ ಬಟಾಣಿ ಕಿಟಕಿಯ ಪಕ್ಕ ಅಮ್ಮನ ತೊಡೆಯ ಮೇಲೆ ಕೂತಿದ್ದಳು. ಮನೆಯ ಕಡೆಯ ತಿರುವು ಬಂತು. ರಸ್ತೆ ಅಗೆದಿದ್ದರಿಂದ ಬಸ್ಸು ಅಲ್ಲಿ ತಿರುಗದೆ ನೇರ ಹೋಯಿತು. ಮಗು ಒಮ್ಮೆ ಹಿಂದಕ್ಕೆ ನೋಡಿತು, ಅಷ್ಟೆ, ಕಿರುಚಲು ತೊಡಗಿತು. ತಲೆಯನ್ನು ಕಿಟಕಿಯ ಸರಳಿಗೆ ಹೊಡೆದುಕೊಂಡಿತು. ಅಮ್ಮ ನಡುವೆ ತನ್ನ ಅಂಗೈ ಕೊಟ್ಟಳು; ಹೊಡೆತ ಅಂಗೈಗೆ ಬೀಳತೊಡಗಿತು. ಬಸ್ಸಿನ ಕತ್ತುಗಳೆಲ್ಲ ತಿರುಗಿದವು. ಹಿಂದಿನ ಸೀಟಿನ ಹೆಂಗಸು, “ಏನಾಯ್ತಮ್ಮಾ ಮಗೂಗೆ? ಎರಡೇಟು ಕೊಟ್ರೆ ಸರಿಹೋಗತ್ತೆ” ಎಂದಳು.

ಡೆಮೊ ಎದ್ದ. ಹೆಂಡತಿಗೆ ಸಹಾಯ ಮಾಡಲೆಂದೇ ಎದ್ದದ್ದು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಕಾಲುಗಳು ಅವನನ್ನು ಬಾಗಿಲ ಕಡೆಗೆ ಒಯ್ದವು. ಮುಂದಿನ ನಿಲ್ದಾಣದಲ್ಲಿ ಇಳಿಯುವವನಂತೆ ಕಂಬಿ ಹಿಡಿದು ಹೊರಗೆ ನೋಡುತ್ತಾ ನಿಂತ.

“ಸಾರ್” ಎಂದ ಕಂಡಕ್ಟರು ಹಿಂದಿನಿಂದ. “ಆ ಮಗು ನಿಮ್ಮ ಜೊತೇದಲ್ವಾ? ಸಾರ್?”

ಕರೆದರೆ ತಿರುಗದ ಮಗಳ ಅಪ್ಪ ತಾನೂ ತಿರುಗಲಿಲ್ಲ.

ಮನೆಗೆ ಬಂದು ಬಟಾಣಿ ಮಲಗಿದ ಮೇಲೆ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಸೊಂಟ ಬಿಚ್ಚತೊಡಗಿದಳು. ಅಂಗೈ ಕೆಂಪಾಗಿತ್ತು. ಬಸ್ಸಿನ ಮಾತು ಎತ್ತುತ್ತಾಳೆಂದು ಡೆಮೊ ಕಾದ. ಅವಳು ಎತ್ತಲಿಲ್ಲ, ಎತ್ತಿದ್ದರೆ ಎಷ್ಟೋ ವಾಸಿಯಿತ್ತು.

“ಬೇಕಿದ್ರೆ ಆ ಗಾಜಿನ ಜಾಗಕ್ಕೇ ಸೇರಿಸೋಣ” ಎಂದ ಮೆಲ್ಲಗೆ.

ಅವಳು ಬ್ಲೇಡು ನಿಲ್ಲಿಸಲಿಲ್ಲ. “ಈ ಪ್ಯಾಂಟು ಯಾಕೆ ವಾಪಸ್ ಬಂತು ಗೊತ್ತಾ? ಅಳತೆ ಕೊಡೋವಾಗ ಆಸಾಮಿ ಹೊಟ್ಟೆ ಒಳಗೆಳ್ಕೊಂಡು ನಿಂತಿದ್ದ. ಎಲ್ರೂ ನಿಲ್ತಾರೆ. ನಾನು ಟೇಪು ಹಿಡಿದು ಸುಮ್ನೆ ಕಾಯ್ತೀನಿ, ಎಷ್ಟು ಹೊತ್ತು ಅಂತ ಉಸಿರು ಕಟ್ಟಿರ್ತಾರೆ? ಅವತ್ತು ಬೇರೆ ಗಿರಾಕಿ ಕಾಯ್ತಿದ್ರು, ಅವಸರದಲ್ಲಿ ಬರ್ಕೊಂಡ್‌ಬಿಟ್ಟೆ.” ದಾರ ಕಿತ್ತು ಬಿಸಾಡಿದಳು. “ಆ ಟೀಚರಿಗೂ ಇವತ್ತು ಅವಸರ ಇತ್ತು. ನೀವು ಮಗು ಹೊಟ್ಟೆ ಎಳೆದು ಹಿಡ್ಕೊಂಡು ಅಳತೆ ಕೊಟ್ಟು ಬಂದ್ರಿ. ಹಾಕ್ಕೋಬೇಕಾದೋಳು ಅವಳು.”

ಡೆಮೊ ನೆಲಕ್ಕೆ ಬಿದ್ದ ದಾರದ ತುಣುಕುಗಳನ್ನು ಆರಿಸತೊಡಗಿದ.

“ನೀನಾದ್ರೂ ಹೇಳಬಹುದಿತ್ತು” ಎಂದ ಕೊನೆಗೆ.

“ಹೇಳಬಹುದಿತ್ತು.” ಅವಳು ಪ್ಯಾಂಟನ್ನು ಮಡಿಲಿಗೆ ಇಳಿಸಿದಳು. “ಕರೆದ್ರೆ ತಿರುಗ್ತಾಳೆ ಅಂದ್ರಲ್ಲ, ಕೇಳೋಕೆ ಚೆನ್ನಾಗಿತ್ತು. ಅದಕ್ಕೇ ಸುಮ್ಮನಾದೆ.”

ಮರುದಿನ ಡೆಮೊ ರಜೆ ಕೇಳಿದ. “ಟಾನ್ಸಿಲ್ಲಾ?” ಎಂದರು ಮ್ಯಾನೇಜರು. “ಅಲ್ಲ ಸರ್, ಮಗಳಿಗೆ ಆಟಿಸಂ ಇದೆ” ಎಂದ. ಮ್ಯಾನೇಜರು ಬಿಲ್ಲುಗಳತ್ತ ನೋಡುತ್ತಾ ಹೋಗಿ ಬಾ ಎಂದರು. ವಾರಂಟಿ ಫ್ಯಾನಿನ ರೆಕ್ಕೆಯನ್ನು ಒರೆಸಿದ್ದೇ ಒರೆಸಿದ. ಹಿಂದಿನ ಜೋಕಿಗೆ ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ ಇವನ ಟೈ ಸರಿಮಾಡಿ ಕಳಿಸಿದ.

ಮೂವರೂ ಆಸ್ಪತ್ರೆಯ ಹಿಂದಿನ ಕಟ್ಟಡ ತಲುಪಿದಾಗ ಟೀಚರು ಆಗತಾನೆ ಚಾಪೆಗಳನ್ನು ಹಾಸುತ್ತಿದ್ದಳು. ಒಳಗಿನ ಬೆಂಚಿನ ಮೇಲೆ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಕೂತಿದ್ದರು. ಡೆಮೊ ಅವರಿಗೆ ಬೆನ್ನು ಮಾಡಿ ಸಣ್ಣ ದನಿಯಲ್ಲಿ, “ನಿನ್ನೆ ಹೇಳಿದ್ದು ಪೂರ್ತಿ ನಿಜ ಅಲ್ಲ ಮೇಡಂ” ಎಂದ.

“ಯಾವುದು ನಿಜ ಅಲ್ಲ?”

ವಿವರಿಸಲು ಹೋದ, ನಾಲಿಗೆ ಹಳೆಯ ಚಾಳಿಗೆ ಬಿದ್ದು, ‘ಅಂದ್ರೆ ಒಂದೊಂದ್ಸಲ ತಿರುಗ್ತಾಳೆ’ ಎಂದು ಮತ್ತೆ ರಟ್ಟು ಕೊಡಲು ತೊಡಗಿತು. ಹೆಂಡತಿ ಈ ಸಲ ಸುಮ್ಮನಾಗಲಿಲ್ಲ. ಬಟಾಣಿಯನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು, “ಆ ವಿಡಿಯೊ ತೋರಿಸಿ” ಎಂದಳಷ್ಟೆ.

ಅಂಗಡಿಯ ಗುಂಪಿನಲ್ಲಿ ತುಂಬ ಮೇಲೆ ಹೋಗಿ ಹುಡುಕಬೇಕಾಯಿತು. ಹೆಬ್ಬೆರಳುಗಳ ಸಾಲು ಸಿಕ್ಕಿತು, ಅದರ ಮೇಲೆ ವಿಡಿಯೊ. ಟೀಚರು ಫೋನನ್ನು ಕೈಗೆ ತೆಗೆದುಕೊಂಡಳು. ಡ್ರಮ್ಮು ತಿರುಗುತ್ತಿತ್ತು. ‘ನೋಡಿ ಸರ್, ನಮ್ಮ ಇನ್‌ಸ್ಪೆಕ್ಟರ್ ಮೇಡಂ’ ಎಂದು ಡೆಮೊನ ಹುರುಪಿನ ದನಿ ಬಂತು. ಆಮೇಲೆ ಅದೇ ದನಿ, ‘ಮೇಡಂ, ಈ ಕಡೆ ನೋಡಿ’ ಎಂದಿತು. ಬಟಾಣಿ ನೋಡಲಿಲ್ಲ. ‘ಬಟಾಣಿ’ ಎಂದಿತು. ‘ಬಟಾಣೀ, ಅಪ್ಪ ಇಲ್ಲಿದೀನಿ.’ ಮತ್ತೆ ಕರೆಯಿತು. ಚಪ್ಪಾಳೆ ತಟ್ಟಿ ಕರೆಯಿತು. ನಗುನಗುತ್ತಲೇ ಕರೆಯಿತು, ಮುಗಿಯುವ ತನಕ ಕರೆಯುತ್ತಲೇ ಇತ್ತು. ಪರದೆಯ ತುಂಬ ಇದ್ದದ್ದು ಆ ಪುಟ್ಟ ಹಿಂದಲೆ ಒಂದೇ.

ತಾನು ಅಷ್ಟು ಸಲ ಕರೆದಿದ್ದೆನೆಂದು ಡೆಮೊಗೆ ಗೊತ್ತೇ ಇರಲಿಲ್ಲ. ಗುಂಪಿನವರೆಲ್ಲ ನೋಡಿದ್ದರು, ಅವನೂ ಹತ್ತಾರು ಸಲ ನೋಡಿದ್ದ; ಕೇಳಿಸಿಕೊಂಡದ್ದು ಇದೇ ಮೊದಲು. ಬೆಂಚಿನವರು ಮಾತು ನಿಲ್ಲಿಸಿದ್ದರು. ಅವನು ನೆಲದ ಮೇಲಿದ್ದ ಡಬ್ಬಿಯ ಮುಚ್ಚಳವನ್ನೇ ನೋಡುತ್ತಾ ನಿಂತ. ಬಟಾಣಿ ಅಮ್ಮನ ಸೊಂಟದಿಂದ ಜಾರಿ ಇಳಿದು ಅದರ ಮುಂದೆ ಕೂತಳು.

ಟೀಚರು ಫೋನು ಹಿಂದಿರುಗಿಸಿದಳು. “ನಿನ್ನೆ ಉಳಿದಿದ್ದ ಜಾಗ ಬೇರೆ ಮಗೂಗೆ ಕೊಟ್ಟಾಯ್ತು. ಅದನ್ನ ಕಿತ್ಕೊಂಡು ನಿಮಗೆ ಕೊಡಲ್ಲ.”

“ಬೇಡ ಮೇಡಂ.”

“ಬಾಗಿಲ ಹತ್ರ ಚಪ್ಪಲಿ ಬಿಡೋ ಕಡೆ ಒಂದು ಚಾಪೆ ಹಿಡಿಯತ್ತೆ. ಹೋಗೋರು ಬರೋರು ದಾಟ್ಕೊಂಡೇ ಓಡಾಡ್ತಾರೆ. ಅದು ಆದೀತಾ?”

“ಆಗತ್ತೆ” ಎಂದಳು ಹೆಂಡತಿ.

“ನಿಮ್ಮನ್ನ ಕೇಳ್ತಿಲ್ಲಮ್ಮಾ, ನೀವು ಹೇಗೂ ಕೂರ್ತೀರ. ಇವರನ್ನ ಕೇಳ್ತಿದೀನಿ. ಮೊದಲ ಕೆಲವು ವಾರ ಇವರೇ ಕೂರಲಿ.” ಟೀಚರು ಡೆಮೊನ ಟೈಯನ್ನೂ ಇಸ್ತ್ರಿ ಮಾಡಿದ ಪ್ಯಾಂಟನ್ನೂ ಒಮ್ಮೆ ನೋಡಿದಳು. ದನಿಯನ್ನೇನೂ ತಗ್ಗಿಸಲಿಲ್ಲ. “ಅವಳು ಕಿರುಚ್ತಾಳೆ. ಇಷ್ಟು ಜನದ ಮುಂದೆ ನೆಲದ ಮೇಲೆ ಹೊರಳಾಡ್ತಾಳೆ. ನೀವು ಹತ್ತು ಸಲ ಕರೀತೀರಿ, ಅವಳು ತಿರುಗಲ್ಲ, ಎಲ್ಲರೂ ನೋಡ್ತಿರ್ತಾರೆ. ನಾಚಿಕೆ ಆಗಲ್ವಾ ನಿಮಗೆ?”

“ಆಗತ್ತೆ ಮೇಡಂ” ಎಂದ ಡೆಮೊ. “ನಿನ್ನೆ ಬಸ್ಸಲ್ಲಿ ನನ್ನ ಮಗಳೇ ಅಲ್ಲ ಅನ್ನೋ ಹಾಗೆ ನಿಂತಿದ್ದೆ. ಎಷ್ಟು ಗಂಟೆಗೆ ಬರ್ಲಿ?”